ಹಾಜರಿ ಪುಸ್ತಕದಲ್ಲಿ ಗಂಟೆ ಬರೆಯುವುದಿಲ್ಲ

ಗುಂಡ್ಲುಪೇಟೆ
ಮಾರ್ಚ್ 20, ಸೋಮವಾರ

ಅತ್ತೆ,

ನಮಸ್ಕಾರ. ಫೋನು ನಿಮ್ಮ ಕಿವಿಗೆ ಹತ್ತುವುದಿಲ್ಲ, ಮೆಸೇಜು ನಿಮ್ಮ ಕಣ್ಣಿಗೆ ಹತ್ತುವುದಿಲ್ಲ. ಹಾಗಾಗಿ ಕೋರ್ಟಿನ ಅರ್ಜಿ ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲದ ನೀವು ಸಾಕಿದ ನಿಮ್ಮ ಲಾಯರು ಸೋದರಸೊಸೆ ಕಾಗದ ಬರೆಯಲು ಕೂತಿದ್ದಾಳೆ. ತಪ್ಪು ಕಂಡರೆ ಕೆಂಪು ಇಂಕಿನಲ್ಲಿ ಗೆರೆ ಹೊಡೆಯಬೇಡಿ. ನಾನೀಗ ನಿಮ್ಮ ಮೂರನೇ ಕ್ಲಾಸಿನಲ್ಲಿಲ್ಲ.

ಈ ಸಲ ಚುನಾವಣೆಗೆ ನಿಲ್ಲುತ್ತಿದ್ದೇನೆ, ಪಕ್ಷೇತರಳಾಗಿ. ಇಷ್ಟು ಓದಿ ನೀವು ಕನ್ನಡಕ ತೆಗೆದಿರುತ್ತೀರಿ. ಹಾಕಿಕೊಂಡು ಮುಂದೆ ಓದಿ.

ಎಂಟು ತಿಂಗಳ ಹಿಂದೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದ್ದೆ. ನಮ್ಮ ಶಾಸಕ ರಾಜಶೇಖರ್ ಐದು ವರ್ಷದಲ್ಲಿ ಸದನದಲ್ಲಿ ಯಾವ ಮಸೂದೆಗೆ ಏನೆಂದು ಮತ ಹಾಕಿದರು, ಇಷ್ಟೇ ಪ್ರಶ್ನೆ. ಉತ್ತರ ಬರುವುದರೊಳಗೆ ಚಪ್ಪಲಿ ಸವೆಯಿತು. ಬಂದದ್ದನ್ನು ನೋಡಿದರೆ ಮುಕ್ಕಾಲುಪಾಲು ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವಂತೆ. ಒಪ್ಪುವವರು ಹೌದು ಅನ್ನಿ, ಒಪ್ಪದವರು ಇಲ್ಲ ಅನ್ನಿ, ಯಾರ ಗಂಟಲು ಜೋರೋ ಅವರು ಗೆದ್ದರು. ಯಾರು ಏನಂದರು ಅನ್ನುವುದಕ್ಕೆ ಕಾಗದವೇ ಇರುವುದಿಲ್ಲ. ಯಾರಾದರೂ ಹಟ ಹಿಡಿದು ಎಣಿಸಿ ಎಂದರೆ ಮಾತ್ರ ಸಾಲುಸಾಲಾಗಿ ಎಬ್ಬಿಸಿ ನಿಲ್ಲಿಸಿ, ತಲೆ ಎಣಿಸಿ, ಹೆಸರು ಬರೆದುಕೊಳ್ಳುತ್ತಾರೆ. ಐದು ವರ್ಷದಲ್ಲಿ ಅಂಥದ್ದು ಏಳು ಸಲ ನಡೆದಿದೆ. ರಾಜಶೇಖರ್ ಹೆಸರು ಸಿಕ್ಕಿದ್ದು ಒಂದರಲ್ಲಿ. ಅದು ಶಾಸಕರ ಭತ್ಯೆ ಏರಿಸುವ ಮಸೂದೆ!

ಉಳಿದ ಆರರಲ್ಲಿ ಹೌದು ಎಂದವರ ಪಟ್ಟಿಯಲ್ಲೂ ಇಲ್ಲ, ಇಲ್ಲ ಎಂದವರ ಪಟ್ಟಿಯಲ್ಲೂ ಇಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಆರೂ ದಿನ ಸಹಿ ಇದೆ.

ಆರರಲ್ಲಿ ಒಂದು ಗೋಮಾಳದ ಮಸೂದೆ. ಹಂಗಳದ ಕಡೆಯ ಗೋಮಾಳವೆಲ್ಲ ರೆಸಾರ್ಟಿನವರ ಬೇಲಿಯೊಳಗೆ ಹೋಗಿದ್ದು ಅದರಿಂದಲೇ. ಪರ 61, ವಿರೋಧ 58. ಮೂರೇ ತಲೆ ವ್ಯತ್ಯಾಸ, ಅತ್ತೆ. ಅದನ್ನು ವಿರೋಧಿಸಿ ಎಂದು ಅರ್ಜಿ ಹಿಡಿದು ಹೋಗಿದ್ದು ನಮ್ಮ ಮಾವ. ಜೊತೆಗೆ ನಾನೂ ಇದ್ದೆ. “ಎದ್ ನಿಂತ್ಕಂಡು ಇಲ್ಲ ಅಂತೀನಿ ಬಸವಯ್ನೋರೆ, ಯೋಚ್ನೆ ಬುಡಿ” ಎಂದು ಮಾವನ ಕೈ ಹಿಡಿದು ಹೇಳಿದ್ದರು.

ನಿಮ್ಮಿಂದ ಒಂದು ಸಹಾಯ ಬೇಕು. ಅಡುಗೆಮನೆ ಬಾಗಿಲ ಪಕ್ಕದ ಕಂಬಿಗೆ ನೀವು ಚುಚ್ಚಿಟ್ಟಿರುವ ಲಗ್ನಪತ್ರಿಕೆಗಳಿವೆಯಲ್ಲ, ಪ್ರತಿಯೊಂದರ ಹಿಂದೆ ಯಾರ್ಯಾರು ಬಂದಿದ್ದರು ಎಂದು ಬರೆದಿಡುತ್ತೀರಲ್ಲ, ಅದರಲ್ಲಿ ಈ ಐದು ದಿನಾಂಕ ಹುಡುಕಿ. ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ನಮ್ಮ ಶಾಸಕರು ಮದುವೆ, ಸಾವು ಎರಡನ್ನೂ ತಪ್ಪಿಸುವವರಲ್ಲ. ಸಹಿ ಹಾಕಿ ಎಲ್ಲಿಗೆ ಹೋಗುತ್ತಿದ್ದರು ಅನ್ನುವುದು ನಿಮ್ಮ ಕಂಬಿಯಲ್ಲಿದೆ.

ಆರನೆಯ ದಿನವನ್ನು ಹುಡುಕಬೇಕಾಗಿಲ್ಲ. ಮೂರು ವರ್ಷದ ಹಿಂದಿನ ಮಾರ್ಚ್ 11. ಮಾವನನ್ನು ಮಣ್ಣು ಮಾಡಿದ ದಿನ. ಧಾರವಾಡದಲ್ಲಿ ಪರೀಕ್ಷೆಗೆ ಕೂತಿದ್ದವಳು ಬಸ್ಸು ಬದಲಾಯಿಸಿಕೊಂಡು ಬರುವುದರೊಳಗೆ ಎಲ್ಲ ಮುಗಿದಿತ್ತು. ನನಗೋಸ್ಕರ ಐದು ಗಂಟೆಯವರೆಗೆ ಇಟ್ಟುಕೊಂಡಿದ್ದಿರಿ, ನಾನೇ ತಲುಪಲಿಲ್ಲ. ಸಾಕಿ ಓದಿಸಿದವರ ಮುಖ ನೋಡಲು ಬರದ ಹುಡುಗಿ ನಾನು. ಮಾವ ಕೇಳಿಸಿಕೊಂಡ ಮಾತಿನ ಲೆಕ್ಕವನ್ನಾದರೂ ಕೇಳಬೇಡವೇ?

ಬೇಗ ಬರೆಯಿರಿ.

ಚೈತ್ರ


ಹರವೆ
ಮಾರ್ಚ್ 26, ಭಾನುವಾರ

ಚೈತ್ರಾ,

ಕನ್ನಡಕ ತೆಗೆದದ್ದು ನಿಜ. ಆದರೆ ನಿನಗೆ ಹೇಗೆ ಗೊತ್ತಾಯಿತು ಎಂದು ನಗು ಬಂತು. ನಿನ್ನ ಅಕ್ಷರ ಮೂರನೇ ಕ್ಲಾಸಿನಲ್ಲೇ ಚೆನ್ನಾಗಿತ್ತು.

ಎರಡು ದಿನ ಕಂಬಿ ಬಿಚ್ಚಿ ಕೂತಿದ್ದೆ. ನಲವತ್ತು ವರ್ಷ ಮೇಷ್ಟ್ರಗಿರಿ ಮಾಡಿದವಳಿಗೆ ಈ ತಾಲ್ಲೂಕು, ಆ ತಾಲ್ಲೂಕು ಎಲ್ಲಿಂದಲೂ ಪತ್ರಿಕೆ ಬರುತ್ತವೆ. ನಿನ್ನ ಐದರಲ್ಲಿ ಮೂರು ಸಿಕ್ಕವು. ಮೊದಲನೆಯದು ಬೇಗೂರಿನ ಮರಿಯಪ್ಪನ ಮೊಮ್ಮಗಳ ಮದುವೆ. “ಶಾಸಕರು ಬಂದು ಊಟಕ್ಕೂ ಕೂತರು, ಪಾಯಸ ಎರಡು ಸಲ” ಎಂದು ಹಿಂದೆ ನಾನೇ ಬರೆದಿದ್ದೇನೆ. ಎರಡನೆಯದು ಚಾಮರಾಜನಗರದ ಛತ್ರದಲ್ಲಿ ನನ್ನ ಶಿಷ್ಯೆ ಶಿವರಂಜಿನಿಯ ಮದುವೆ. ಅವತ್ತು ಶಾಸಕರು ಬರಲು ತಡವಾಯಿತೆಂದು ಮುಹೂರ್ತ ಮೀರಿ ಹತ್ತು ನಿಮಿಷ ತಾಳಿ ಕೈಯಲ್ಲೇ ಹಿಡಿದು ನಿಂತಿದ್ದರು. ಐನೋರು ಬೈದಿದ್ದು ನನಗೇ ಕೇಳಿಸಿತು ಅಂದರೆ ಎಷ್ಟು ಜೋರಿದ್ದಿರಬೇಕು ನೋಡು. ಮೂರನೆಯದು ಒಂದು ಗೃಹಪ್ರವೇಶ. ಉಳಿದೆರಡು ನನ್ನಲ್ಲಿಲ್ಲ.

ನಿಲ್ಲುತ್ತೇನೆ ಅಂದೆ, ಬೇಡ ಅನ್ನಲಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಆದರೆ ನನ್ನ ಮಗರಾಯ ಕುಮಾರಸ್ವಾಮಿ ಮುಖ ಊದಿಸಿಕೊಂಡಿದ್ದಾನೆ. ಅವನು ಶಾಸಕರ ಹಿಂದೆ ಓಡಾಡುವವನು ಎಂದು ನಿನಗೇ ಗೊತ್ತು. “ನಮ್ಮನೇವ್ಳೇ ನಿಂತ್ಕಂಡ್ರೆ ನಾನ್ ಯಾವ್ ಮಕ ಒತ್ಕಂಡು ಓಗ್ಲಿ ಅವ್ವ” ಎಂದು ಕಾಗದದ ಮೇಲೆ ಬರೆದು ತೋರಿಸಿದ. ಬೈಯುವುದಕ್ಕೂ ನನ್ನ ಹತ್ತಿರ ಬರೆದೇ ಬೈಯಬೇಕಲ್ಲ, ಪಾಪ.

ಆರನೆಯ ದಿನದ ಮಾತು ಮಾತ್ರ ಬೇಡ. ಮಾವನ ಸಾವನ್ನು ಮೈಕಿನ ಮುಂದೆ ತರಬೇಡ. ಇದೊಂದು ಕೇಳು.

ಬಿಸಿಲು ಜಾಸ್ತಿ. ಎಳನೀರು ಕುಡಿ.

ಅತ್ತೆ


ಗುಂಡ್ಲುಪೇಟೆ
ಏಪ್ರಿಲ್ 2, ಭಾನುವಾರ

ಅತ್ತೆ,

ಪಾಯಸ ಎರಡು ಸಲ! ಅದನ್ನು ಬೇಗೂರಿನಲ್ಲಿ ಓದಿ ಹೇಳಿದೆ. ಜನ ನಕ್ಕರು. ಆದರೆ ಮರಿಯಪ್ಪನವರು ಎದ್ದು ನಿಂತು, “ನಮ್ಮನೆ ಮದ್ವೆಗೆ ಬಂದದ್ದು ತೆಪ್ಪಾ ಕಣವ್ವ?” ಎಂದು ಕೇಳಿದರು. ಅವತ್ತು ಸದನದಲ್ಲಿ ಹೆಸರು ಕೂಗಿದ್ದು ನೀರಾವರಿ ಮಸೂದೆಗೆ ಎಂದೆ. “ಅಲ್ಲಿ ಇನ್ನೂರ್ ಜನ ಅವ್ರೆ, ನಮ್ಮನೇಲಿ ಮದ್ವೆ ಒಂದೇ” ಎಂದರು. ಲಾಯರು ಅವರಾಗಬೇಕಿತ್ತು.

ಹಂಗಳದಲ್ಲಿ ಇನ್ನೂ ಕಷ್ಟವಾಯಿತು. ರಾಚಮ್ಮ ಎಂಬ ಹೆಂಗಸಿಗೆ ನಾಲ್ಕು ಹಸು. ಗೋಮಾಳಕ್ಕೆ ಬೇಲಿ ಬಿದ್ದ ಮೇಲೆ ಎರಡು ಮಾರಿದಳು. ಉಳಿದೆರಡನ್ನು ಕಾಡಂಚಿಗೆ ಅಟ್ಟಿದರೆ ಫಾರೆಸ್ಟಿನವರು ಅಟ್ಟಿಸಿಕೊಂಡು ಬರುತ್ತಾರೆ. ಪಟ್ಟಿ ತೋರಿಸಿ ಎಲ್ಲ ಹೇಳಿದೆ. ಕಸಬರಿಕೆ ಕೈಯಲ್ಲೇ ಹಿಡಿದು ಕೊನೆಯವರೆಗೂ ಕೇಳಿದಳು. ಆಮೇಲೆ, “ಅದೆಲ್ಲ ಸರಿ ಕಣಮ್ಮಿ. ನನ್ ಗಂಡ ಸತ್ತಾಗ ಅವ್ರು ಬಂದಿದ್ರು. ನೀ ಬಂದಿದ್ಯಾ?” ಅಂದಳು. ಅವಳಿಗೆ ಗೊತ್ತಿಲ್ಲ, ನಾನು ನನ್ನ ಮಾವನ ಸಾವಿಗೇ ಹೋಗಿಲ್ಲ ಎಂದು.

ಮೂರು ದಿನದಿಂದ ನನಗೆ ನಿದ್ದೆಯಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಮದುವೆಗೆ ಹೋಗಿದ್ದರು ಅನ್ನುವುದು ಇಲ್ಲಿ ತಪ್ಪೇ ಅಲ್ಲ ಅತ್ತೆ, ಅದು ಹೊಗಳಿಕೆ. ಆದರೆ ಗೋಮಾಳದ ದಿನ ಬೇರೆ. ನಾನು ಕೂತು ಜೋಡಿಸಿ ನೋಡಿದೆ. ಅವತ್ತು ಅವರು ನಮ್ಮ ಮನೆಗೆ ಬಂದಿದ್ದರು. ನಾನು ತಲುಪಿದಾಗ ನೀವೇ ಹೇಳಿದ್ದಿರಿ, ಬೆಳಿಗ್ಗೆನೇ ಬಂದು ಹಾರ ಹಾಕಿ ಹೋದರು ಎಂದು. ಹಾಜರಿ ಪುಸ್ತಕದಲ್ಲಿ ಅದೇ ದಿನದ ಸಹಿ ಇದೆ. ಅಂದರೆ ಬೆಳಿಗ್ಗೆ ಹರವೆಯಲ್ಲಿದ್ದು ಮಧ್ಯಾಹ್ನಕ್ಕೆ ಬೆಂಗಳೂರು ಸೇರಿ ಸಹಿ ಹಾಕಿದ್ದಾರೆ. ಎಣಿಕೆ ನಡೆದದ್ದು ಸಂಜೆ ಐದಕ್ಕೆ. ಅಷ್ಟು ದೂರ ಹೋದವರು ಆ ಹೊತ್ತಿಗೆ ಎಲ್ಲಿ ಅವಿತುಕೊಂಡರು? ಯಾಕೆ ಅವಿತುಕೊಂಡರು? ಯಾರು ಅವಿತುಕೋ ಎಂದರು? ರೆಸಾರ್ಟಿನ ಬೇಲಿ ಉತ್ತರ ಹೇಳುತ್ತಿದೆ.

ಇದನ್ನೇ ಕರಪತ್ರ ಮಾಡಿಸುತ್ತೇನೆ. ನಿಮ್ಮ ಸಂಕಟ ಅರ್ಥವಾಗುತ್ತದೆ, ಮಾವನ ಹೆಸರು ಬಂದರೆ ನಿಮಗೆ ಗಾಯ ಕೆದಕಿದ ಹಾಗಾಗುತ್ತದೆ. ಆದರೆ ಮಾವನಿಗೆ ಕೊಟ್ಟ ಮಾತಲ್ಲವೇ ಅದು? ಶುಕ್ರವಾರದೊಳಗೆ ನಿಮ್ಮ ಕಾಗದ ಬರದಿದ್ದರೆ ಒಪ್ಪಿದ್ದೀರಿ ಎಂದುಕೊಳ್ಳುತ್ತೇನೆ.

ಚೈತ್ರ


ಹರವೆ
ಏಪ್ರಿಲ್ 8, ಶನಿವಾರ

ಚೈತ್ರಾ,

ನಿನ್ನ ಕಾಗದ ಈಗ ಮಧ್ಯಾಹ್ನ ಕೈಗೆ ಬಂತು. ನೀನು ಹೇಳಿದ ಶುಕ್ರವಾರ ನಿನ್ನೆಯೇ ಆಗಿಹೋಯಿತು. ಅಚ್ಚು ಹಾಕಿಸಬೇಡ. ನಾನು ಸುಮ್ಮನಿದ್ದೇನೆ ಅಂದರೆ ಒಪ್ಪಿದ್ದೇನೆ ಎಂದಲ್ಲ.

ಒಂದು ದಿನ ಬಿಡುವು ಮಾಡಿಕೊಂಡು ಬಾ. ಎದುರಿಗೆ ಕೂರಿಸಿಕೊಂಡು ಹೇಳಬೇಕಾದ್ದು ಒಂದಿದೆ. ಬರೆಯಲು ನೋಡಿದೆ, ಎರಡು ಹಾಳೆ ಹರಿದು ಹಾಕಿದೆ.

ಈ ಕಾಗದವನ್ನು ಅಂಚೆಗೆ ಹಾಕದೆ ಬಸ್ಸಿನ ಕಂಡಕ್ಟರ್ ಬೋರಯ್ಯನ ಕೈಲಿ ಕೊಡುತ್ತಿದ್ದೇನೆ.

ಅತ್ತೆ


ಗುಂಡ್ಲುಪೇಟೆ
ಏಪ್ರಿಲ್ 12, ಬುಧವಾರ

ಅತ್ತೆ,

ಬೋರಯ್ಯ ಕಾಗದ ಕೊಟ್ಟ. ಆದರೆ ಅವನಿಗೆ ಎರಡು ದಿನ ರಜೆ ಇತ್ತಂತೆ, ಜೇಬಿನಲ್ಲೇ ಇಟ್ಟುಕೊಂಡು ಮಂಗಳವಾರ ಕೊಟ್ಟ. ಅಷ್ಟರಲ್ಲಿ ಎಂಟು ಸಾವಿರ ಕರಪತ್ರ ಹಂಚಿ ಆಗಿತ್ತು.

ಒಂದನ್ನು ಇದರ ಜೊತೆ ಇಟ್ಟಿದ್ದೇನೆ, ಓದಿ ನೋಡಿ. “ಬೆಳಿಗ್ಗೆ ಬಸವಯ್ಯನವರ ಹೆಣಕ್ಕೆ ಹಾರ, ಸಂಜೆ ಬಸವಯ್ಯನವರ ಮಾತಿಗೆ ಮಣ್ಣು. ಸಹಿ ಹಾಕಿ ಅವಿತುಕೊಂಡ ಶಾಸಕರೇ, ಗೋಮಾಳವನ್ನು ಯಾರಿಗೆ ಮಾರಿದಿರಿ?” ಅತ್ತೆ, ಜನ ಇದನ್ನು ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದಾರೆ. ಇಷ್ಟು ದಿನ ನಾನು ಕೊಟ್ಟ ಕಾಗದದಲ್ಲಿ ಕಡಲೆಕಾಯಿ ಕಟ್ಟುತ್ತಿದ್ದರು! ಬೇಗೂರು ಬಸ್‌ಸ್ಟ್ಯಾಂಡಿನಲ್ಲಿ ಟೀ ಅಂಗಡಿಯವನು ಗೋಡೆಗೆ ಅಂಟಿಸಿದ್ದಾನೆ. ರಾಚಮ್ಮ ತನ್ನ ಮಗಳ ಕೈಲಿ ಎರಡು ಸಲ ಓದಿಸಿಕೊಂಡು, “ಸಾವಿನ್ ಮನೇಲಿ ನಿಂತು ಮೋಸ ಮಾಡ್ಬುಟ್ನಾ?” ಎಂದಳಂತೆ. ಮೊದಲ ಸಲ ಅವಳು ಅವರನ್ನು ಏಕವಚನದಲ್ಲಿ ಕರೆದಿದ್ದು.

ಶಾಸಕರ ಕಡೆಯವರಿಗೆ ಬಿಸಿ ತಟ್ಟಿದೆ. ಇಪ್ಪತ್ತೇಳಕ್ಕೆ ಬೇಗೂರಿನಲ್ಲಿ ದೊಡ್ಡ ಸಭೆ, ಅಲ್ಲೇ ಉತ್ತರ ಕೊಡುತ್ತೇವೆ ಎಂದು ಹೇಳಿಕೊಂಡು ಓಡಾಡುತ್ತಿದ್ದಾರೆ. ಕೊಡಲಿ, ಏನು ಉತ್ತರವಿದೆ ನೋಡೋಣ.

ನಾಮಪತ್ರದ ಓಡಾಟದಲ್ಲಿ ಬರಲು ಆಗುವುದಿಲ್ಲ. ಹೇಳುವುದಿದ್ದರೆ ಬರೆದೇ ಬಿಡಿ, ನಿಮಗಿಂತ ಚೆನ್ನಾಗಿ ಬರೆಯುವವರು ಯಾರಿದ್ದಾರೆ?

ಚೈತ್ರ


ಹರವೆ
ಏಪ್ರಿಲ್ 15, ಶನಿವಾರ

ಚೈತ್ರಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಿನ್ನ ಕರಪತ್ರ ಓದಿ ನಾನು ನನ್ನ ಹೆಗಲನ್ನೇ ಮುಟ್ಟಿಕೊಂಡೆ. ಈ ಸಲ ಹಾಳೆ ಹರಿಯುವುದಿಲ್ಲ.

ರಾಜಶೇಖರ್ ಅವತ್ತು ಬೆಳಿಗ್ಗೆ ನಮ್ಮ ಮನೆಗೆ ಬಂದಿರಲಿಲ್ಲ. ಬಂದದ್ದು ಸಂಜೆ ನಾಲ್ಕೂವರೆಗೆ. ಸದನದಲ್ಲಿ ತಲೆ ಎಣಿಸುವಾಗ ಅವರು ಎಲ್ಲೂ ಅವಿತಿರಲಿಲ್ಲ ಮಗಳೇ. ನಿನ್ನ ಮಾವನನ್ನು ಕೂರಿಸಿ ಹೊತ್ತ ವಿಮಾನಕ್ಕೆ ಹೆಗಲು ಕೊಟ್ಟಿದ್ದರು.

ಕರೆಸಿದ್ದು ನಾನು. ಮಾವನ ಜೀವ ಹೋದದ್ದು ಬೆಳಗಿನ ಜಾವ. ಹತ್ತು ಗಂಟೆಗೆಲ್ಲ ಗುಣಿ ತೋಡಿ ಆಗಿತ್ತು, ಐನೋರು ಬಂದಿದ್ದರು. ಎದುರು ಮನೆಯ ದೊಡ್ಡಮಲ್ಲಮ್ಮ, “ಎಮ್ಮೆಲ್ಲೆಗೆ ಯೋಳ್ದಾ ಟೀಚರಮ್ಮ? ನಮ್ಮನೇರು ಸತ್ತಾಗ ಬಂದಿದ್ರು” ಎಂದಳು. ಅಷ್ಟೇ. ಅವಳ ಗಂಡನ ಸಾವಿಗೆ ಬಂದವರು ನನ್ನ ಗಂಡನ ಸಾವಿಗೆ ಬಾರದಿದ್ದರೆ ಊರು ಏನೆಂದುಕೊಂಡೀತು ಎನ್ನುವ ಹುಳ ಹೊಕ್ಕಿತು. ಗಂಡ ಅಂಗಳದಲ್ಲಿ ಹೆಣವಾಗಿ ಕೂತಿದ್ದಾನೆ, ನಾನು ಊರಿನ ಬಾಯಿಯ ಲೆಕ್ಕ ಹಾಕುತ್ತಿದ್ದೇನೆ. ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ಆಗಿನ್ನೂ ಎಡಗಿವಿ ಕೇಳುತ್ತಿತ್ತು. ಫೋನು ಹಚ್ಚಿದೆ. ಮೊದಲ ಸಲ ಅವರ ಪಿ.ಎ. ಸಿಕ್ಕಿದ, ಎರಡನೇ ಸಲವೂ ಅವನೇ. ಮೂರನೇ ಸಲ ಅವರೇ ಬಂದರು. “ಟೀಚರಮ್ಮ, ಈಗ್ತಾನೆ ಸದನಕ್ಕೆ ಬಂದ್ ಸಹಿ ಆಕಿದ್ದೀನಿ. ಇವತ್ತು ಗೋಮಾಳದ್ದು ಬತ್ತದೆ. ಬಸವಯ್ನೋರಿಗೆ ಮಾತ್ ಕೊಟ್ಟಿದ್ದೀನಿ. ನಾಳೆ ಬತ್ತೀನಿ” ಎಂದರು. ಹಾಗೆಂದೇ ಹೇಳಿದರು, ಚೈತ್ರಾ. ನನಗೆ ನೆನಪಿದೆ. ನಾನು ಏನೆಂದೆ ಗೊತ್ತೆ? “ನಿಮಗೋಸ್ಕರವೇ ಹೆಣ ಇಟ್ಟುಕೊಂಡು ಕೂತಿದ್ದೀವಿ” ಎಂದೆ. ಆ ಮಾತಿನ ಮೇಲೆ ಯಾವ ಶಾಸಕ ತಾನೇ ಬಾರದಿರುತ್ತಾನೆ? ಮುಂದಿನ ಸಲ ಮತ ಕೇಳಲು ಇದೇ ಅಂಗಳಕ್ಕೆ ಬರಬೇಕಲ್ಲ.

ಸಹಿ ಬೆಳಗಿನದು. ಹಾಜರಿ ಪುಸ್ತಕದಲ್ಲಿ ಗಂಟೆ ಬರೆಯುವುದಿಲ್ಲ, ನೀನು ಸಂಜೆಯದೆಂದು ಓದಿಕೊಂಡೆ. ಬರೆಯದಿದ್ದ ಗಂಟೆಯನ್ನು ಸುಳ್ಳು ಹೇಳಿದವಳು ನಾನು.

ಇದಕ್ಕಿಂತ ಕಷ್ಟದ ಮಾತು ಇನ್ನೂ ಉಳಿದಿದೆ. ಐದು ಗಂಟೆಯವರೆಗೆ ಕಾದದ್ದು ನಿನಗಲ್ಲ. ನೀನು ಬಸ್ಸಿನಿಂದ ಫೋನು ಮಾಡಿ, “ಇನ್ನು ಎರಡೂವರೆ ಗಂಟೆ ಕಾಯಿರಿ ಅತ್ತೆ, ಶ್ರೀರಂಗಪಟ್ಟಣದ ಹತ್ತಿರ ಬಂದಿದ್ದೀನಿ” ಎಂದು ಅಳುತ್ತಾ ಹೇಳಿದೆ. ಕತ್ತಲಾಗುತ್ತದೆ, ಆಗುವುದಿಲ್ಲ ಎಂದೆ. ಶಾಸಕರು ಬಂದು ನಿಂತಿದ್ದರು, ಅವರಿಗೆ ವಾಪಸು ಹೋಗಬೇಕಿತ್ತು. ಅವರಿಗೆ ಏಳು ಗಂಟೆ ಕಾದ ಹೆಣವನ್ನು ನಿನಗೆ ಎರಡೂವರೆ ಗಂಟೆ ಕಾಯಿಸಲಿಲ್ಲ. ನೀನು ಬಂದು ಯಾಕಿಷ್ಟು ಹೊತ್ತು ಇಟ್ಟುಕೊಂಡಿದ್ದಿರಿ ಎಂದು ಕೇಳಿದಾಗ ನಾಚಿಕೆಯಾಗಿ, ನಿನಗೋಸ್ಕರ ಎಂದುಬಿಟ್ಟೆ. ಅವರು ಬೆಳಿಗ್ಗೆಯೇ ಬಂದು ಹೋದರು ಎಂದೂ ಅದಕ್ಕೆ ಸೇರಿಸಿದೆ. ಶಾಸಕರಿದ್ದ ಫೋಟೋವನ್ನು ಗೋಡೆಗೆ ಹಾಕಲು ಯಾಕೆ ಬಿಡಲಿಲ್ಲ ಎಂದು ನೀನು ಒಮ್ಮೆ ಕೇಳಿದ್ದೆ. ಅದರಲ್ಲಿ ನೆರಳು ಉದ್ದುದ್ದ ಬಿದ್ದಿದೆ, ನೋಡಿದವರಿಗೆ ಸಂಜೆ ಎಂದು ತಿಳಿಯುತ್ತದೆ.

ಮೊನ್ನೆ ಅವರ ಕಡೆಯವರು ಬಂದಿದ್ದರು. ಕುಮಾರಸ್ವಾಮಿ ಅವತ್ತು ಫೋನಿನಲ್ಲಿ ತೆಗೆದ ಫೋಟೋದಲ್ಲಿ ಗಂಟೆಯೂ ಇದೆಯಂತೆ, 4:52. ಅದನ್ನು ಇಪ್ಪತ್ತೇಳರ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ಕೊಡಬೇಡವೋ ಎಂದು ಅವನ ಕೈ ಹಿಡಿದುಕೊಂಡೆ. “ಸುಳ್ಳಾ ಅದು ಅವ್ವ?” ಎಂದು ಬರೆದು ತೋರಿಸಿದ. ನಾನು ಕೈ ಬಿಟ್ಟೆ.

ಇಪ್ಪತ್ತೇಳಕ್ಕೆ ಮೊದಲೇ ನಿನಗೆ ತಿಳಿದಿರಲಿ. ಬೈಯುವುದೆಲ್ಲ ಬೈದು ಬರೆ.

ಗುರುಮಲ್ಲಮ್ಮ


ಹರವೆ
ಏಪ್ರಿಲ್ 23, ಭಾನುವಾರ

ಚೈತ್ರಾ,

ಎಂಟು ದಿನವಾಯಿತು. ಬೋರಯ್ಯನ ಬಸ್ಸು ಬರುವ ಹೊತ್ತಿಗೆ ದಿನಾ ರಸ್ತೆಗೆ ಹೋಗಿ ನಿಲ್ಲುತ್ತೇನೆ. ಅವನು ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಅನ್ನುತ್ತಾನೆ. ನಾಲ್ಕು ದಿನದಿಂದ ನಿನ್ನ ಆಟೋ ಎಲ್ಲೂ ಪ್ರಚಾರಕ್ಕೆ ಬಂದಿಲ್ಲ ಎಂದು ಬರೆದು ತೋರಿಸಿದ.

ಊಟ ಮಾಡುತ್ತಿದ್ದೀಯಾ? ಅಷ್ಟಾದರೂ ಬರೆ.

ಅತ್ತೆ


ಗುಂಡ್ಲುಪೇಟೆ
ಏಪ್ರಿಲ್ 27, ಗುರುವಾರ

ಅತ್ತೆ,

ಊಟ ಮಾಡುತ್ತಿದ್ದೇನೆ.

ನಿಮ್ಮ ಕಾಗದವನ್ನು ಮೊದಲ ಸಲ ಓದಿದಾಗ ಕರಪತ್ರದ ಯೋಚನೆಯೇ ಬರಲಿಲ್ಲ. ಮೂರು ವರ್ಷ ಪ್ರತಿ ತಿಥಿಗೂ ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಮುಂದೆ ಬಂದು ಹೂ ಹಾಕಲು ಮುಖವಿರಲಿಲ್ಲ. ನೀವು ಅದನ್ನು ನೋಡುತ್ತಿದ್ದಿರಿ ಅಲ್ಲವೇ? ನೋಡಿಯೂ ಒಂದು ದಿನ ಬಾಯಿ ಬಿಡಲಿಲ್ಲ. ಶ್ರೀರಂಗಪಟ್ಟಣದ ಆ ಬಸ್ಸಿನಲ್ಲಿ ಡ್ರೈವರಿಗೆ ಕೈಮುಗಿದಿದ್ದೆ ಅತ್ತೆ, ಬೇಗ ಓಡಿಸಿ ಎಂದು. ಕ್ಷಮಿಸಿದ್ದೇನೆ ಎಂದು ಬರೆಯಲು ಇವತ್ತು ನನ್ನಿಂದ ಆಗುವುದಿಲ್ಲ. ಸುಳ್ಳು ಬರೆದು ಸಾಕಾಗಿದೆ.

ನಾಲ್ಕು ದಿನ ಬಾಗಿಲು ಹಾಕಿಕೊಂಡು ಕೂತಿದ್ದೆ. ನನ್ನ ಜೊತೆಯವರು, “ಅವರೇ ಫೋಟೋ ತೋರಿಸಲಿ, ನಕಲಿ ಅಂದುಬಿಡೋಣ” ಎಂದರು. ಈಗ ಯಾವ ಫೋಟೋವನ್ನೂ ನಕಲಿ ಅನ್ನಬಹುದು, ಜನ ನಂಬುತ್ತಾರೆ. ಒಂದು ಇಡೀ ದಿನ ಅದಕ್ಕೆ ಒಪ್ಪಿಕೊಂಡೂ ಇದ್ದೆ. ಇದನ್ನು ನಿಮಗೆ ಹೇಳಿರಬೇಕು ಎಂದು ಹೇಳುತ್ತಿದ್ದೇನೆ.

ಆಮೇಲೆ ಸದನದ ನಡಾವಳಿಯನ್ನು ಮತ್ತೊಮ್ಮೆ ತೆಗೆದೆ. ಮಾರ್ಚ್ 11ರಂದು ವಿರೋಧ ಪಕ್ಷದವರಲ್ಲಿ ಮತದ ಪಟ್ಟಿಯಲ್ಲಿ ಹೆಸರು ಇಲ್ಲದವರು, ರಾಜಶೇಖರ್ ಸೇರಿ, ಹದಿನೇಳು ಜನ. ಹದಿನೇಳು ಜನರದ್ದೂ ಸಹಿ ಇದೆ. ಪಂಚಾಂಗ ನೋಡಿದೆ. ಅವತ್ತು ದೊಡ್ಡ ಲಗ್ನದ ದಿನ. ಮಸೂದೆ ತಂದವರು ಪಂಚಾಂಗ ನೋಡಿಯೇ ತಂದಿದ್ದರೇನೋ ಗೊತ್ತಿಲ್ಲ. ಹದಿನೇಳು ಊರಿನಲ್ಲಿ ಯಾರೋ ಒಬ್ಬರು ನಿಮ್ಮ ಹಾಗೆ ಫೋನು ಮಾಡಿರುತ್ತಾರೆ. ತಾಳಿ ಕೈಯಲ್ಲಿ ಹಿಡಿದು ಕಾದಿರುತ್ತಾರೆ. ನಮಗೆ ಬೇಕಾಗಿದ್ದು ನಾಲ್ಕೇ ತಲೆ.

ನಿನ್ನೆ ಬೇಗೂರಿಗೆ ಹೋದೆ, ಅವರ ಸಭೆಗೆ ಒಂದು ದಿನ ಮೊದಲು. ಬಸ್‌ಸ್ಟ್ಯಾಂಡಿನ ಮುಂದೆ ಟ್ರಾಕ್ಟರ್ ಟ್ರೇಲರ್ ಮೇಲೆ ಹತ್ತಿ ಮೈಕು ಹಿಡಿದೆ. “ನನ್ನ ಕರಪತ್ರದಲ್ಲಿ ಸುಳ್ಳಿದೆ” ಎಂದು ಶುರು ಮಾಡಿದೆ. ಶಾಸಕರು ಅವತ್ತು ಅವಿತುಕೊಂಡಿರಲಿಲ್ಲ, ಯಾರಿಗೂ ಮಾರಿಕೊಂಡಿರಲಿಲ್ಲ, ನಮ್ಮ ಮಾವನ ಹೆಣ ಹೊತ್ತಿದ್ದರು, ಅದಕ್ಕೆ ಅವರ ಕ್ಷಮೆ ಕೇಳುತ್ತೇನೆ ಎಂದೆ. ನಾವೇ ಕರೆಸಿದ್ದೆವು ಎಂದೂ ಹೇಳಿದೆ. ನಿಮ್ಮ ಹೆಸರು ಹೇಳಲಿಲ್ಲ, ನಮ್ಮ ಮನೆಯವರು ಎಂದೆ. ಟೀ ಅಂಗಡಿಯವನು ಅಲ್ಲೇ ಗೋಡೆಯಿಂದ ಕರಪತ್ರ ಕಿತ್ತ.

ಅಲ್ಲಿಗೇ ಇಳಿಯಬಹುದಿತ್ತು. ಇಳಿಯಲಿಲ್ಲ. “ಆದರೆ ಅವತ್ತು ಎದ್ದು ನಿಲ್ಲಬೇಕಾಗಿದ್ದ ಜಾಗ ಖಾಲಿ ಇತ್ತು. ಉಳಿದ ಐದು ದಿನವೂ ಖಾಲಿ ಇತ್ತು. ಅವರು ನಮ್ಮ ಮನೆಗೆ, ಅವರಂಥವರು ಇನ್ನೊಂದು ಮನೆಗೆ ಹೋದದ್ದಕ್ಕೇ ನಾವು ಗೋಮಾಳ ಕಳೆದುಕೊಂಡೆವು. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ನಾನು ಗೆದ್ದರೆ, ಸದನ ನಡೆಯುವ ದಿನ ನಿಮ್ಮ ಮದುವೆಗೆ ಬರುವುದಿಲ್ಲ, ನಿಮ್ಮ ಸಾವಿಗೂ ಬರುವುದಿಲ್ಲ” ಎಂದೆ.

ಜನ ಒಬ್ಬೊಬ್ಬರಾಗಿ ಬಸ್ಸಿನ ಕಡೆ ತಿರುಗಿದರು. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು. ಹಂಗಳದಿಂದ ಸಂತೆಗೆ ಬಂದಿದ್ದ ರಾಚಮ್ಮ ಕೊನೆಗೆ, “ಸಾವಿನ್ ಮನೆಗ್ ಬರಕ್ಕಿಲ್ಲ ಅಂದ್ಕಂಡು ಓಟ್ ಕೇಳೋಳ್ನ ಇವತ್ತೇ ಕಣಮ್ಮಿ ನೋಡ್ತಿರೋದು” ಎಂದು ಕುಕ್ಕೆ ಎತ್ತಿಕೊಂಡು ಹೋದಳು.

ಇವತ್ತು ಅವರ ಸಭೆಯಲ್ಲಿ ಫೋಟೋ ತೋರಿಸಿದರಂತೆ. ಜನ ಶಿಳ್ಳೆ ಹಾಕಿದರಂತೆ. ನಾನು ಕೊಟ್ಟ ಕಲ್ಲಿನಲ್ಲೇ ಅವರು ಮೆಟ್ಟಿಲು ಕಟ್ಟಿಕೊಂಡರು.

ನನ್ನ ಗುರುತು ಹೊಲಿಗೆ ಯಂತ್ರ. ನೆನಪಿಟ್ಟುಕೊಳ್ಳಿ ಎಂದು ಕೇಳುವುದಿಲ್ಲ.

ಚೈತ್ರ


ಹರವೆ
ಮೇ 14, ಭಾನುವಾರ

ಚೈತ್ರಾ,

ಟಿ.ವಿ.ಯಲ್ಲಿ ಅಂಕಿ ಓಡುತ್ತದಲ್ಲ, ಅದನ್ನು ಓದಿದೆ. ನಿನಗೆ ಎರಡು ಸಾವಿರದ ಒಂಬೈನೂರ ಹದಿನಾಲ್ಕು. ಅವರು ಹೋದ ಸಲಕ್ಕಿಂತಲೂ ಹೆಚ್ಚು ಅಂತರದಲ್ಲಿ ಗೆದ್ದರು. ನಮ್ಮ ಬೂತಿನಲ್ಲಿ ನಿನಗೆ ಮೂವತ್ತೊಂದು ಬಿದ್ದಿವೆ. ಅದರಲ್ಲಿ ನನ್ನದೊಂದು. ಇನ್ನೊಂದು ಕುಮಾರಸ್ವಾಮಿಯದೆಂದು ನನ್ನ ಅನುಮಾನ. ಕೇಳಿದರೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಹಂಗಳದ ಬೂತಿನಲ್ಲಿ ನಲವತ್ತಾರು ಎಂದು ಬೋರಯ್ಯ ಬರೆದು ಕೊಟ್ಟ. ರಾಚಮ್ಮ ಯಾರಿಗೆ ಹಾಕಿದಳೋ, ಅವಳ ಹಸುಗಳಿಗೇ ಗೊತ್ತು.

ನಿನ್ನೆ ಸಂಜೆ ಶಾಸಕರು ಮೆರವಣಿಗೆಯಲ್ಲಿ ಬಂದು ನಮ್ಮ ಮನೆ ಮುಂದೆ ಇಳಿದರು. ಕಾಲಿಗೆ ಬಿದ್ದರು. ಏನೋ ಹೇಳಿದರು, ಕೇಳಿಸಲಿಲ್ಲ. ಬರೆಯಿರಿ ಎಂದು ಪಾಟಿ, ಬಳಪ ಕೊಟ್ಟೆ. “ಚೈತ್ರಮ್ಮ ಹೇಳಿದ್ದು ನಿಜ, ಅವತ್ತು ನಾನು ಅಲ್ಲಿರಬೇಕಿತ್ತು. ನೀವು ಕರೆದಾಗ ಇಲ್ಲ ಅನ್ನೋಕಾಗಲಿಲ್ಲ” ಎಂದು ಬರೆದರು. ಕೆಳಗೆ ನಾನು ಬರೆದೆ: “ಇನ್ನು ಮೇಲೆ ಅನ್ನಿ.” ಓದಿ, ಅಂಗೈಯಿಂದ ಅಳಿಸಿ ಪಾಟಿ ವಾಪಸು ಕೊಟ್ಟು, ಪಕ್ಕದ ಬೀದಿಯ ನಾಮಕರಣಕ್ಕೆ ಹೋದರು.

ನೀನು ಕ್ಷಮಿಸಿಲ್ಲ ಎಂದು ಬರೆದಿದ್ದನ್ನು ನಾನು ದಿನಕ್ಕೊಂದು ಸಲ ಓದುತ್ತೇನೆ. ಸರಿಯಾಗಿ ಬರೆದಿದ್ದೀಯ. ಬೇಗ ಕ್ಷಮಿಸಿದ್ದರೆ ನನಗೇ ನಂಬಿಕೆ ಬರುತ್ತಿರಲಿಲ್ಲ. ಮುಂದಿನ ತಿಥಿಗೆ ಮಾತ್ರ ಮೊದಲ ಸಾಲಿಗೆ ಬಾ. ಮೊದಲ ಹೂವು ನಿನ್ನದು, ಕುಮಾರಸ್ವಾಮಿಗೂ ಹೇಳಿದ್ದೇನೆ.

ಐದು ವರ್ಷಕ್ಕೆ ಮತ್ತೆ ನಿಲ್ಲುತ್ತೀಯಲ್ಲ? ನಿಲ್ಲುತ್ತೀಯ, ನನಗೆ ಗೊತ್ತು. ಆ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ. ಒಂದು ಚೀಟಿ ಬರೆದು, ಓದಿ, ಕುಮಾರಸ್ವಾಮಿಯ ಕೈಲಿ ಸಹಿ ಹಾಕಿಸಿಕೊಂಡು, ಲಗ್ನಪತ್ರಿಕೆಗಳ ಮೇಲೆ ಅದೇ ಕಂಬಿಗೆ ಚುಚ್ಚಿದ್ದೇನೆ. ಅದರಲ್ಲಿರುವುದು ಇಷ್ಟು. ನಾನು ಸತ್ತರೆ ಯಾವ ಶಾಸಕರಿಗೂ ಹೇಳಿ ಕಳಿಸಬೇಡಿ. ಚೈತ್ರ ಬರುವವರೆಗೆ ಎತ್ತಬೇಡಿ. ಕತ್ತಲಾದರೂ ಸರಿ, ಮಾರನೇ ದಿನವಾದರೂ ಸರಿ, ಕಾಯಿರಿ.

ಆದರೆ ಅವತ್ತು ನೀನು ಗೆದ್ದು ಸದನದಲ್ಲಿ ಕೂತಿದ್ದರೆ ಬರಬೇಡ ಮಗಳೇ. ಎದ್ದು ನಿಂತು ಹೆಸರು ಬರೆಸಿ ಆಮೇಲೆ ಬಾ. ಆ ಒಂದು ದಿನಕ್ಕೆ ಮಾತ್ರ, ಅವಳಿಗೆ ಕಾಯದೆ ಮಣ್ಣು ಮಾಡಿ ಎಂದೂ ಕೆಳಗೆ ಬರೆದಿದ್ದೇನೆ.

ನಿನ್ನ ಅತ್ತೆ
ಗುರುಮಲ್ಲಮ್ಮ